ಮೊಟ್ಟೆ ಫ್ರೈ, ಟೋಸ್ಟ್ ಮತ್ತು ಪಥ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಮೊಟ್ಟೆ, ಎರಡು ಸ್ಲೈಸ್ ಬ್ರೆಡ್, ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು. ಹತ್ತು ನಿಮಿಷದ ತಿಂಡಿ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಬಿಪಿ ಅಥವಾ ಕಿಡ್ನಿ ತೊಂದರೆ ಎಂದು ಗೊತ್ತಾದ ಕೂಡಲೇ ಈ ತಟ್ಟೆಯನ್ನೇ ಬಿಟ್ಟು ಬರೀ ಗಂಜಿಗೆ ಇಳಿಯುವವರು ನಮ್ಮ ಮಲೆನಾಡಿನಲ್ಲಿ ಬಹಳ. ಹೆಚ್ಚಿನವರಿಗೆ ಅದರ ಅಗತ್ಯವಿಲ್ಲ. ಈ ನಾಲ್ಕರಲ್ಲಿ ಯಾವುದು ಆಗುವುದಿಲ್ಲವೋ ಅದೊಂದನ್ನು ಬದಲಿಸಿದರೆ ತಿಂಡಿ ಉಳಿಯುತ್ತದೆ, ಪಥ್ಯವೂ ಕೆಡುವುದಿಲ್ಲ.

ಅಕ್ಕಿ ರೊಟ್ಟಿಯದನ್ನು ಬಿಟ್ಟರೆ ಕೆಳಗಿನ ಅಳತೆಗಳೆಲ್ಲ ಒಬ್ಬರಿಗೆ. ಚಮಚ ಎಂದರೆ 5 ಮಿ.ಲೀ. ಹಿಡಿಯುವ ಟೀ ಚಮಚ. ನಿಮ್ಮ ವೈದ್ಯರು ಬೇರೆ ಲೆಕ್ಕ ಕೊಟ್ಟಿದ್ದರೆ ಅದೇ ನಡೆಯಬೇಕು.

ಮೊದಲಿಗೆ, ಸಾದಾ ಮೊಟ್ಟೆ ಫ್ರೈ ಸರಿಯಾಗಿ ಮಾಡುವುದು ಹೇಗೆ?

ಮೊಟ್ಟೆಯನ್ನು ನೇರ ಕಾವಲಿಯ ಮೇಲೆ ಒಡೆಯಬೇಡಿ. ಒಂದು ಸಣ್ಣ ಬಟ್ಟಲಿಗೆ ಒಡೆದುಕೊಳ್ಳಿ. ಹಾಳಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ, ಚಿಪ್ಪಿನ ಚೂರು ಬಿದ್ದರೆ ತೆಗೆಯಬಹುದು, ಹಳದಿಯೂ ಒಡೆಯುವುದಿಲ್ಲ.

ಕಾವಲಿ ಕಾದ ಮೇಲೆ ಒಂದು ಚಮಚ ಎಣ್ಣೆ ಹಾಕಿ ಸುತ್ತ ಹರಡಿ. ಬಟ್ಟಲನ್ನು ಕಾವಲಿಗೆ ತಾಗುವಷ್ಟು ಹತ್ತಿರ ಹಿಡಿದು ಮೊಟ್ಟೆಯನ್ನು ಮೆಲ್ಲಗೆ ಜಾರಿಸಿ. ‘ಚುಂಯ್’ ಎಂದು ಸಣ್ಣ ಸದ್ದು ಬರಬೇಕು. ಪಟಪಟ ಸಿಡಿದರೆ ಕಾವು ಜಾಸ್ತಿಯಾಗಿದೆ. ಅರ್ಧ ನಿಮಿಷದಲ್ಲಿ ತಳ ಹಿಡಿದುಕೊಳ್ಳುತ್ತದೆ. ಆಗ ಉರಿ ಪೂರ್ತಿ ಸಣ್ಣ ಮಾಡಿ, ಕಾವಲಿಯ ಅಂಚಿಗೆ ಒಂದು ಚಮಚ ನೀರು ಬಿಟ್ಟು ಮುಚ್ಚಳ ಮುಚ್ಚಿ. ಸುಮಾರು ಎರಡು ನಿಮಿಷಕ್ಕೆ ಬಿಳಿ ಬೆಂದು ಹಳದಿ ಹರಿಯುವ ಹದದಲ್ಲಿರುತ್ತದೆ. ನಾಲ್ಕು ನಿಮಿಷ ಬಿಟ್ಟರೆ ಹಳದಿಯೂ ಗಟ್ಟಿಯಾಗುತ್ತದೆ. ಮಗುಚುವ ಅಗತ್ಯವೇ ಬೀಳದು, ಮೇಲಿನ ಭಾಗ ಹಬೆಯಲ್ಲೇ ಬೇಯುತ್ತದೆ.

ಮುಚ್ಚಳ ಏಕೆ ಎಂದರೆ, ಮೊಟ್ಟೆಯ ಬಿಳಿ 62 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹೆಪ್ಪುಗಟ್ಟಲು ಶುರುವಾದರೂ ಪೂರ್ತಿ ಗಟ್ಟಿಯಾಗಲು 80 ಡಿಗ್ರಿ ಬೇಕು. ಹಳದಿ 65ರಿಂದ 70ರೊಳಗೇ ಗಟ್ಟಿಯಾಗುತ್ತದೆ. ಮುಚ್ಚಳವಿಲ್ಲದೆ ತಳದ ಕಾವಿನಿಂದಲೇ ಮೇಲಿನವರೆಗೆ ಬೇಯಿಸಲು ಹೋದರೆ, ಮೇಲೆ ಲೋಳೆ ಉಳಿದಿರುವಾಗಲೇ ತಳ ಸೀಯುತ್ತದೆ.

ಅಂಟುತ್ತದೆ, ಅಂಚು ರಬ್ಬರಿನಂತಾಗುತ್ತದೆ, ಬಿಳಿ ನೀರಿನಂತೆ ಹರಿದುಹೋಗುತ್ತದೆ. ಏನು ತಪ್ಪಾಗಿದೆ?

ಮೂರಕ್ಕೂ ಕಾರಣ ಬೇರೆ ಬೇರೆ. ಅಂಟುವುದು ಕಾವಲಿ ಕಾಯುವ ಮೊದಲೇ ಮೊಟ್ಟೆ ಬಿದ್ದಾಗ, ಅಥವಾ ಕಬ್ಬಿಣದ ಕಾವಲಿಯನ್ನು ಸೋಪು ಹಾಕಿ ತಿಕ್ಕಿ ಅದರ ಎಣ್ಣೆಪಸೆ ಹೋದಾಗ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಬಿಸಿ ಕಾವಲಿಗೆ ಎರಡು ಸಲ ಉಜ್ಜಿದರೆ ಪಸೆ ಮರಳುತ್ತದೆ. ಇಷ್ಟಾಗಿಯೂ ಅಂಟಿದರೆ ಸಟ್ಟುಗದಿಂದ ಕೀಳಬೇಡಿ; ಉರಿ ಆರಿಸಿ ಅರ್ಧ ನಿಮಿಷ ಮುಚ್ಚಿಟ್ಟರೆ ತಾನೇ ಬಿಡುತ್ತದೆ.

ರಬ್ಬರಿನಂತಾಗುವುದು ದೊಡ್ಡ ಉರಿಯಿಂದ. ಹರಿದುಹೋಗುವುದು ಮೊಟ್ಟೆ ಹಳತಾದ್ದರಿಂದ: ದಿನ ಕಳೆದಂತೆ ಮಂದವಾದ ಬಿಳಿ ತೆಳುವಾಗುತ್ತದೆ, ಹಳದಿಯ ಪೊರೆಯೂ ಸಡಿಲವಾಗುತ್ತದೆ. ಅಂಥದ್ದನ್ನು ಆಮ್ಲೆಟ್ಟಿಗೆ ಬಳಸಿ.

ಟೋಸ್ಟರ್ ಇಲ್ಲ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಕಾವಲಿಯಲ್ಲಿ ಟೋಸ್ಟ್ ಗರಿಯಾಗುತ್ತದೆಯೇ?

ಖಂಡಿತ. ಒಣ ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಸವರದೆ ಪ್ರತಿ ಬದಿ ಎರಡು ನಿಮಿಷ ಇಡಿ. ಬೆಣ್ಣೆ ಬೇಕಾದರೆ ಆಮೇಲೆ ಸವರಿ. ಮೊದಲೇ ಸವರಿದರೆ ಬ್ರೆಡ್ ಎಣ್ಣೆ ಹೀರಿ ಮೆತ್ತಗಾಗುತ್ತದೆ, ಪಥ್ಯದವರ ಲೆಕ್ಕವೂ ತಪ್ಪುತ್ತದೆ. ಬಿಸಿ ಟೋಸ್ಟನ್ನು ಒಂದರ ಮೇಲೊಂದು ಪೇರಿಸಬೇಡಿ. ಅದರದೇ ಹಬೆ ಕೆಳಗಿನದನ್ನು ಒದ್ದೆ ಮಾಡುತ್ತದೆ. ಲೋಟಕ್ಕೆ ಒರಗಿಸಿ ನಿಲ್ಲಿಸಿ.

ಜೂನ್‌ನಿಂದ ಆಗಸ್ಟ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಥಂಡಿಯಲ್ಲಿ ಹೊರಗಿಟ್ಟ ಬ್ರೆಡ್ಡಿಗೆ ಬೇಗ ಬೂಷ್ಟು ಹಿಡಿಯುತ್ತದೆ. ಹಸಿರು ಕಂಡ ಸ್ಲೈಸ್ ಮಾತ್ರ ಎಸೆದು ಉಳಿದದ್ದನ್ನು ಬಳಸುವುದು ಅಪಾಯ, ಏಕೆಂದರೆ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದೆ ಒಳಗೆ ಹರಡಿರುತ್ತವೆ. ಇಡೀ ಪೊಟ್ಟಣ ಎಸೆಯಿರಿ. ತಂದ ದಿನವೇ ಎರಡೆರಡು ಸ್ಲೈಸ್ ಸುತ್ತಿ ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಹಾಗೇ ಕಾವಲಿಗೆ ಹಾಕುವುದು ಒಳ್ಳೆಯ ದಾರಿ. ಫ್ರಿಜ್ಜಿನ ಕೆಳ ಅಂಕಣದಲ್ಲಿ ಬೂಷ್ಟು ತಡವಾಗುತ್ತದೆ ನಿಜ, ಆದರೆ ಬ್ರೆಡ್ ಬೇಗ ಬಿರುಸಾಗುತ್ತದೆ.

ಗೋಧಿ ಆಗುವುದಿಲ್ಲ. ಬ್ರೆಡ್ ಬದಲು ಏನು?

ನಮ್ಮ ಕಡೆಯವರಿಗೆ ಇದರಷ್ಟು ಸುಲಭದ ಪಥ್ಯ ಇನ್ನೊಂದಿಲ್ಲ. ಅಕ್ಕಿ ರೊಟ್ಟಿ ಇರುವಾಗ ದುಬಾರಿ ಗ್ಲೂಟನ್ (ಗೋಧಿಯಲ್ಲಿರುವ ಪ್ರೋಟೀನ್) ರಹಿತ ಬ್ರೆಡ್ ಹುಡುಕಿಕೊಂಡು ಹೋಗಬೇಕಿಲ್ಲ.

150 ಗ್ರಾಂ ಅಕ್ಕಿಹಿಟ್ಟಿಗೆ ಹಿಟ್ಟಿನ ಅಳತೆಯ ಬಟ್ಟಲಿನಲ್ಲೇ ಒಂದೂಕಾಲು ಪಾಲು ನೀರು. ನೀರಿಗೆ ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಮಳ್ಳಿಸಿ. ಹಿಟ್ಟನ್ನು ಮಧ್ಯಕ್ಕೆ ಸುರಿದು, ಕಲಕದೆ, ಸಣ್ಣ ಉರಿಯಲ್ಲಿ ಮೂರು ನಿಮಿಷ ಮುಚ್ಚಿಡಿ. ಇಳಿಸಿ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಿ. ಐದು ಉಂಡೆ ಬರುತ್ತದೆ. ಅಕ್ಕಿಹಿಟ್ಟನ್ನೇ ಉದುರಿಸಿ ಲಟ್ಟಿಸಿ, ಕಾವಲಿಯಲ್ಲಿ ಎರಡೂ ಬದಿ ಬೇಯಿಸಿ, ಕೊನೆಗೆ ಕೆಂಡದ ಅಥವಾ ಗ್ಯಾಸಿನ ಉರಿಯ ಮೇಲೆ ಉಬ್ಬಿಸಿ. ಅಂಚು ಬಿರಿದರೆ ನೀರು ಕಡಿಮೆಯಾಗಿದೆ ಅಥವಾ ಹಿಟ್ಟು ಆರಿದೆ ಎಂದರ್ಥ. ಕೈಗೆ ನೀರು ಮುಟ್ಟಿಸಿಕೊಂಡು ಮತ್ತೆ ನಾದಿ. ಇದರ ಮೇಲೆ ಹರಿಯುವ ಹಳದಿಯ ಮೊಟ್ಟೆ ಬಿದ್ದರೆ ಟೋಸ್ಟ್ ನೆನಪಾಗದು.

ಆದರೆ ಗ್ಲೂಟನ್ನಿನಿಂದ ಸಣ್ಣ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇದೆ ಎಂದು ಖಚಿತವಾದವರಿಗೆ ಪದಾರ್ಥ ಬದಲಿಸಿದರೆ ಮಾತ್ರ ಸಾಲದು. ಗೋಧಿಯ ಧೂಳೂ ಆಗಬಾರದು. ಮುಖ್ಯ ತೊಡಕು ಹಿಟ್ಟಿನ ಗಿರಣಿಯಲ್ಲಿ. ನಿಮ್ಮ ಮುಂದಿನವರು ಗೋಧಿ ಹಾಕಿಸಿ ಹೋಗಿದ್ದರೆ, ಅದೇ ಕಲ್ಲಿನಲ್ಲಿ ಬೀಸಿದ ನಿಮ್ಮ ಅಕ್ಕಿಹಿಟ್ಟಿನಲ್ಲಿ ಗೋಧಿ ಬೆರೆತೇ ಇರುತ್ತದೆ. ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ ಜರಡಿ ಹಿಡಿಯಿರಿ. ಎರಡನೆಯದು ಚಪಾತಿ ಮಾಡುವ ಕಾವಲಿ, ಲಟ್ಟಣಿಗೆ, ಮಣೆ. ಅವರಿಗೆಂದೇ ಬೇರೆ ಇಡಿ. ಮನೆಯವರು ಬ್ರೆಡ್ ಸುಡುವ ಟೋಸ್ಟರ್ ಅಂತೂ ಬೇಡವೇ ಬೇಡ. ಮೂರನೆಯದು ಇಂಗು. ಅಂಗಡಿಯ ಹಲವು ಇಂಗಿನ ಪುಡಿಗಳಲ್ಲಿ ಮೈದಾ ಬೆರೆಸಿರುತ್ತಾರೆ, ಡಬ್ಬಿಯ ಮೇಲೆ ಓದಿ. ರವೆ, ಶಾವಿಗೆ, ಬಾರ್ಲಿ, ಬಾರ್ಲಿಯಿಂದ ಮಾಡಿದ ಮಾಲ್ಟ್ ಪುಡಿಗಳೂ ವರ್ಜ್ಯ. ರಾಗಿ, ಜೋಳ, ಅಕ್ಕಿ ಆಗುತ್ತವೆ.

ಇನ್ನೂ ಪರೀಕ್ಷೆ ಮಾಡಿಸಿಲ್ಲವಾದರೆ, ಗೋಧಿ ಬಿಡುವ ಮೊದಲೇ ಮಾಡಿಸಿ. ಬಿಟ್ಟು ಕೆಲವು ತಿಂಗಳಾದ ಮೇಲೆ ಟಿಟಿಜಿ ರಕ್ತಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ತೋರಿಸಬಹುದು.

ಸಕ್ಕರೆ ಕಾಯಿಲೆಯವರು ಬ್ರೆಡ್ ಬಿಟ್ಟು ಅಕ್ಕಿ ರೊಟ್ಟಿ ತಿಂದರೆ ಒಳ್ಳೆಯದಲ್ಲವೇ?

ಹಾಗೆ ನಂಬಿದವರು ಬಹಳ ಮಂದಿ, ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಸ್ಲೈಸ್ ಬ್ರೆಡ್ಡಿನಲ್ಲಿ 13ರಿಂದ 15 ಗ್ರಾಂ ಕಾರ್ಬೋಹೈಡ್ರೇಟ್. ಮೇಲಿನ ಅಳತೆಯ ಒಂದು ಅಕ್ಕಿ ರೊಟ್ಟಿಯಲ್ಲಿ 30 ಗ್ರಾಂ ಹಿಟ್ಟು, ಅಂದರೆ ಸುಮಾರು 24 ಗ್ರಾಂ. ಎರಡು ರೊಟ್ಟಿ ತಿಂದರೆ ಮೂರು ಸ್ಲೈಸ್ ದಾಟಿತು. ರೊಟ್ಟಿ ಬೇಕಾದರೆ ಒಂದೇ ಸಾಕು.

ಮೊಟ್ಟೆಯಲ್ಲಿ ಕಾರ್ಬೋಹೈಡ್ರೇಟ್ ಇಲ್ಲವೆನ್ನುವಷ್ಟು ಕಡಿಮೆ, ಪ್ರೋಟೀನ್ 6 ಗ್ರಾಂ. ಹಾಗಾಗಿ ತಟ್ಟೆಯನ್ನು ಹೀಗೆ ತಿರುಗಿಸಿ: ಒಂದು ಸ್ಲೈಸ್ ಅಥವಾ ಒಂದು ರೊಟ್ಟಿ, ಒಂದು ಇಡೀ ಮೊಟ್ಟೆ ಮತ್ತು ಇನ್ನೊಂದರ ಬಿಳಿ, ಒಂದು ಬಟ್ಟಲು ಹರಿವೆ ಸೊಪ್ಪಿನ ಅಥವಾ ಬೀನ್ಸಿನ ಪಲ್ಯ. ಪಲ್ಯ, ಮೊಟ್ಟೆ ಮೊದಲು ತಿಂದು ಬ್ರೆಡ್ ಕೊನೆಗೆ ತಿಂದರೆ ಸಕ್ಕರೆ ಒಮ್ಮೆಲೇ ಏರುವುದು ತಗ್ಗುತ್ತದೆ.

ಈ ಲೆಕ್ಕವೆಲ್ಲ ಪಕ್ಕದ ಲೋಟದಲ್ಲಿ ಮುಳುಗದಂತೆ ನೋಡಿಕೊಳ್ಳಿ. ಬೆಲ್ಲದ ಕಾಫಿ ಸಕ್ಕರೆ ಕಾಫಿಗಿಂತ ಸುರಕ್ಷಿತವಲ್ಲ, ರಕ್ತದಲ್ಲಿ ಎರಡೂ ಒಂದೇ ಕೆಲಸ ಮಾಡುತ್ತವೆ. ರೊಟ್ಟಿಯ ಜೊತೆಗಿನ ಒಂದು ದೊಡ್ಡ ಚಮಚ ಜೋನಿ ಬೆಲ್ಲವೆಂದರೆ ಹೆಚ್ಚುಕಡಿಮೆ ಇನ್ನೊಂದು ಸ್ಲೈಸ್ ಬ್ರೆಡ್ ತಿಂದ ಹಾಗೆ.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಬ್ರೆಡ್ಡನ್ನು ಏಕಾಏಕಿ ಅರ್ಧಕ್ಕೆ ಇಳಿಸಬಾರದು. ಮದ್ದು ಅಷ್ಟೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ತೀರಾ ಕುಸಿದು ಬೆವರು, ನಡುಕ, ತಲೆಸುತ್ತು ಬರುತ್ತದೆ.

ಬ್ರೌನ್ ಬ್ರೆಡ್ ಒಳ್ಳೆಯದೇ?

ಬಣ್ಣ ನೋಡಿ ತೀರ್ಮಾನಿಸಬೇಡಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮೊದಲ ಹೆಸರು ಮೈದಾ ಆಗಿದ್ದು ಕೊನೆಯಲ್ಲಿ ಕ್ಯಾರಮೆಲ್ ಬಣ್ಣ ಇದ್ದರೆ ಅದು ಬಣ್ಣ ಹಚ್ಚಿದ ಬಿಳಿ ಬ್ರೆಡ್. ಇಡಿ ಗೋಧಿಹಿಟ್ಟು ಮೊದಲಿರಬೇಕು. ಬೇಕರಿಯ ಬಿಡಿ ಬ್ರೆಡ್ಡಿನಲ್ಲಿ ಈ ಪಟ್ಟಿ ಇಲ್ಲದಿದ್ದರೆ ಕೇಳಿಯೇ ತನ್ನಿ.

ಬಿಪಿ ಇದೆ, ಉಪ್ಪು ಎಷ್ಟು ಹಾಕಬಹುದು?

ಹಾಕದಿದ್ದರೂ ತಟ್ಟೆಯಲ್ಲಿ ಉಪ್ಪು ಇದ್ದೇ ಇದೆ. ಎರಡು ಸ್ಲೈಸ್ ಬ್ರೆಡ್ಡಿನಲ್ಲಿ 250ರಿಂದ 300 ಮಿ.ಗ್ರಾಂ ಸೋಡಿಯಂ, ಮೊಟ್ಟೆಯಲ್ಲಿ ಸುಮಾರು 70. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಮಿತಿ 2,000 ಮಿ.ಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು. ಹೀಗಾಗಿ ಮೊಟ್ಟೆಗೆ ಉಪ್ಪು ಹಾಕದಿದ್ದರೆ ಈ ತಿಂಡಿ ಬಿಪಿಯವರಿಗೆ ಹೊರೆಯಲ್ಲ. ಹೊರೆಯಾಗುವುದು ಉಪ್ಪು ಹಾಕಿದ ಬೆಣ್ಣೆ, ಟೊಮೆಟೊ ಸಾಸ್, ಮತ್ತು ನಮ್ಮೂರಿನ ಅಪ್ಪೆಮಿಡಿ ಉಪ್ಪಿನಕಾಯಿ. ಮಿಡಿಯನ್ನು ವರ್ಷಗಟ್ಟಲೆ ಕೆಡದಂತೆ ಕಾಯುವುದೇ ಅದರಲ್ಲಿರುವ ಉಪ್ಪು. ಬಿಪಿಯವರ ತಟ್ಟೆಗೆ ಅದು ದಿನವೂ ಬರಬಾರದು.

ಸಪ್ಪೆ ಅನ್ನಿಸದಿರಲು ಮನೆಯ ಕಾಳುಮೆಣಸನ್ನು ಆಗಷ್ಟೇ ಕುಟ್ಟಿ, ಮೊಟ್ಟೆ ಇಳಿಸಿದ ಮೇಲೆ ಉದುರಿಸಿ. ಒಲೆಯ ಮೇಲಿರುವಾಗಲೇ ಹಾಕಿದರೆ ಪರಿಮಳ ಹಾರಿಹೋಗುತ್ತದೆ. ಮೇಲೆ ನಾಲ್ಕು ಹನಿ ನಿಂಬೆರಸ. ಖಾರ ಬೇಕಾದವರು ಒಂದು ಸೂಜಿ ಮೆಣಸನ್ನು ಎಣ್ಣೆಯಲ್ಲಿ ಬಾಡಿಸಿ ತೆಗೆದು ಅದೇ ಎಣ್ಣೆಗೆ ಮೊಟ್ಟೆ ಹಾಕಬಹುದು.

‘ಲೋ ಸೋಡಿಯಂ’ ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ತರಬೇಡಿ. ಅದರಲ್ಲಿ ಒಂದು ಪಾಲು ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ತೊಂದರೆಯವರಿಗೂ ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೂ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು.

ಕೊಲೆಸ್ಟ್ರಾಲ್ ಇರುವವರು ಹಳದಿ ಎಸೆಯಲೇಬೇಕೇ?

ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 185 ಮಿ.ಗ್ರಾಂ ಕೊಲೆಸ್ಟ್ರಾಲ್ ಇದೆ. ಆದರೆ ರಕ್ತದ ಕೊಲೆಸ್ಟ್ರಾಲನ್ನು ಹೆಚ್ಚು ಏರಿಸುವುದು ಆಹಾರದ ಸ್ಯಾಚುರೇಟೆಡ್ ಕೊಬ್ಬು. ಅಮೆರಿಕದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿ.ಗ್ರಾಂ ಕೊಲೆಸ್ಟ್ರಾಲ್ ಎಂಬ ಹಳೆಯ ಮಿತಿಯನ್ನು 2015ರ ಆವೃತ್ತಿಯಲ್ಲಿ ಕೈಬಿಟ್ಟಿತು. ಆರೋಗ್ಯವಂತರಿಗೆ ದಿನಕ್ಕೊಂದು ಇಡೀ ಮೊಟ್ಟೆ ಸಾಮಾನ್ಯವಾಗಿ ತೊಂದರೆ ಕೊಡದು. ಹೃದ್ರೋಗ ಅಥವಾ ಸಕ್ಕರೆ ಕಾಯಿಲೆ ಇರುವವರು, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರಿದವರು ವಾರಕ್ಕೆ ಎಷ್ಟು ಎಂದು ವೈದ್ಯರ ಬಳಿ ಕೇಳಿಕೊಳ್ಳಬೇಕು.

ಹಳದಿ ಎಸೆದು ಬಿಳಿಯನ್ನು ಎರಡು ಚಮಚ ತುಪ್ಪದಲ್ಲಿ ಹುರಿಯುವುದರಲ್ಲಿ ಲಾಭವಿಲ್ಲ. ತುಪ್ಪದಲ್ಲಿ ಶೇ. 60ರಷ್ಟು, ತೆಂಗಿನೆಣ್ಣೆಯಲ್ಲಿ ಶೇ. 80ಕ್ಕೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಇಂಥವರು ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆ ಅರ್ಧ ಚಮಚ ಬಳಸಲಿ.

ಎಣ್ಣೆಯೇ ಬೇಡ ಎಂದಿದ್ದಾರೆ (ಪಿತ್ತಕೋಶದ ಕಲ್ಲು).

ನಾನ್‌ಸ್ಟಿಕ್ ಕಾವಲಿಯಲ್ಲಿ ಎರಡು ದೊಡ್ಡ ಚಮಚ ನೀರು ಕುದಿಸಿ, ಮೊಟ್ಟೆ ಜಾರಿಸಿ, ಮುಚ್ಚಿ ಮೂರು ನಿಮಿಷ. ಅಂಚು ಗರಿಯಾಗದು, ಉಳಿದಂತೆ ಮೊಟ್ಟೆ ಫ್ರೈಯೇ. ಹಳದಿಯಲ್ಲೂ ಸುಮಾರು 5 ಗ್ರಾಂ ಕೊಬ್ಬು ಇರುವುದರಿಂದ ನೋವು ಇರುವ ದಿನಗಳಲ್ಲಿ ಬಿಳಿ ಮಾತ್ರ ಸಾಕು.

ಕಿಡ್ನಿ ತೊಂದರೆ ಇರುವವರಿಗೆ ಬರೀ ಬಿಳಿ ಭಾಗ ಏಕೆ ಹೇಳುತ್ತಾರೆ?

ರಂಜಕದ (ಫಾಸ್ಫರಸ್) ಕಾರಣಕ್ಕೆ. ಒಂದು ಹಳದಿಯಲ್ಲಿ ಸುಮಾರು 65 ಮಿ.ಗ್ರಾಂ ರಂಜಕ, ಒಂದು ಬಿಳಿಯಲ್ಲಿ 5 ಮಿ.ಗ್ರಾಂ ಮಾತ್ರ. ಪ್ರೋಟೀನ್ ಮಾತ್ರ ಬಿಳಿಯಲ್ಲೇ ಹೆಚ್ಚು, 3.6 ಗ್ರಾಂ. ದುರ್ಬಲ ಕಿಡ್ನಿ ರಂಜಕವನ್ನು ಹೊರಹಾಕದಿದ್ದಾಗ ಅದು ರಕ್ತದಲ್ಲಿ ಏರಿ ಮೂಳೆ ಸವೆಯುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೆ ಪ್ರೋಟೀನ್ ಹೆಚ್ಚು ಬೇಕು, ಅದಕ್ಕೆ ಮುಂಚಿನ ಹಂತದವರಿಗೆ ಹಿತಮಿತವಾಗಿ ಬೇಕು. ಪಕ್ಕದ ಮನೆಯ ರೋಗಿಯ ಪಥ್ಯ ನಿಮಗೆ ಹೊಂದದು. ಎಷ್ಟು ಬಿಳಿ ಎಂಬುದನ್ನು ನಿಮ್ಮ ರಕ್ತಪರೀಕ್ಷೆ ನೋಡಿದವರೇ ಹೇಳಬೇಕು. ಇಡಿ ಧಾನ್ಯದ ಬ್ರೆಡ್ಡಿನಲ್ಲಿ ರಂಜಕ, ಪೊಟ್ಯಾಸಿಯಂ ಎರಡೂ ಜಾಸ್ತಿ, ಆದ್ದರಿಂದ ಇವರಿಗೆ ಸಾದಾ ಬಿಳಿ ಬ್ರೆಡ್ಡನ್ನೇ ಹೇಳುವುದುಂಟು.

ಬರೀ ಬಿಳಿ ಬೇಗ ಒಣಗುತ್ತದೆ. ಅತಿ ಸಣ್ಣ ಉರಿ, ಮುಚ್ಚಳ, ಒಂದು ಚಮಚ ನೀರು, ಒಂದೂವರೆ ನಿಮಿಷ. ಹೊಳಪು ಹೋದ ಕೂಡಲೇ ಇಳಿಸಿ.

ಹಾಲು ಆಗದವರಿಗೆ?

ಮೊಟ್ಟೆಯಲ್ಲಿ ಹಾಲಿನ ಅಂಶವೇ ಇಲ್ಲ. ಲ್ಯಾಕ್ಟೋಸ್ ಮಾತ್ರ ಆಗದವರಿಗೆ ತುಪ್ಪ ಸಾಮಾನ್ಯವಾಗಿ ಆಗುತ್ತದೆ. ಹಾಲಿನ ಪ್ರೋಟೀನ್ ಅಲರ್ಜಿ ಇದ್ದವರಿಗೆ ತುಪ್ಪವೂ ಬೇಡ, ಹಾಲಿನಪುಡಿ ಹಾಕಿದ ಬ್ರೆಡ್ಡೂ ಬೇಡ.

ಮೊಟ್ಟೆ ಅಲರ್ಜಿ ಇದೆ, ಅಥವಾ ಮನೆಯಲ್ಲಿ ಮೊಟ್ಟೆ ಮಾಡುವುದಿಲ್ಲ. ಟೋಸ್ಟ್ ಜೊತೆ ಅಷ್ಟೇ ಪ್ರೋಟೀನ್ ಹೇಗೆ?

30 ಗ್ರಾಂ ಕಡಲೆಹಿಟ್ಟು, ಅಂದರೆ ನಾಲ್ಕು ದೊಡ್ಡ ಚಮಚ. ಇದರಲ್ಲೂ 6 ಗ್ರಾಂಗಿಂತ ತುಸು ಹೆಚ್ಚೇ ಪ್ರೋಟೀನ್. ಐದಾರು ದೊಡ್ಡ ಚಮಚ ನೀರು, ಚಿಟಿಕೆ ಅರಿಸಿನ, ಓಮ, ಹೆಚ್ಚಿದ ಈರುಳ್ಳಿ ಸೇರಿಸಿ ಗಂಟಿಲ್ಲದೆ ಕಲಸಿ ಹತ್ತು ನಿಮಿಷ ಬಿಡಿ. ಒಂದು ಚಮಚ ಎಣ್ಣೆಯಲ್ಲಿ ತೆಳ್ಳಗೆ ಹರಡಿ, ಮುಚ್ಚಿ, ಮಗುಚಿ, ಎರಡೂ ಬದಿ ಚೆನ್ನಾಗಿ ಬೇಯಿಸಿ. ದಪ್ಪ ಹೊಯ್ದರೆ ಒಳಗೆ ಹಸಿ ಉಳಿದು ಹೊಟ್ಟೆ ಉಬ್ಬರಿಸುತ್ತದೆ. ಇದರಲ್ಲಿ 17-18 ಗ್ರಾಂ ಕಾರ್ಬೋಹೈಡ್ರೇಟ್ ಇರುವುದನ್ನು ಸಕ್ಕರೆ ಕಾಯಿಲೆಯವರು ಮರೆಯಬಾರದು.

ಅಲರ್ಜಿ ಇರುವವರಿಗೆ ಬಾತುಕೋಳಿ ಮೊಟ್ಟೆ, ಗೌಜಲಕ್ಕಿ ಮೊಟ್ಟೆ, ನಾಟಿ ಮೊಟ್ಟೆ ಯಾವುದನ್ನೂ ಬದಲಿಯಾಗಿ ಕೊಡಬೇಡಿ. ಬೇಕರಿ ಬನ್ನಿನ ಹೊಳಪಿಗೆ ಮೇಲೆ ಮೊಟ್ಟೆ ಸವರಿರಬಹುದು. ಕಾವಲಿ, ಸಟ್ಟುಗ ಬೇರೆ ಇರಲಿ. ತುಟಿ ಊದಿ ಉಸಿರಾಟ ಕಷ್ಟವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಗರ್ಭಿಣಿಯರು ಆಫ್ ಬಾಯಿಲ್ ತಿನ್ನಬಹುದೇ?

ಬೇಡ. ಹಸಿ ಹಳದಿಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಉಳಿದಿರುವ ಸಾಧ್ಯತೆ ಇದೆ. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಹಳದಿ ಪೂರ್ತಿ ಗಟ್ಟಿಯಾದದ್ದನ್ನೇ ತಿನ್ನಬೇಕು. ಹಳದಿಯನ್ನು ಸಟ್ಟುಗದ ತುದಿಯಿಂದ ಒಡೆದು ಹರಡಿ, ಮಗುಚಿ ಎರಡು ನಿಮಿಷ ಬೇಯಿಸಿದರೆ ಅನುಮಾನವೇ ಉಳಿಯದು.

ಮಕ್ಕಳಿಗೆ?

ಆರು ತಿಂಗಳು ತುಂಬಿ ಮೇಲಾಹಾರ ಶುರುವಾದ ಮೇಲೆ ಪೂರ್ತಿ ಬೆಂದ ಮೊಟ್ಟೆಯನ್ನು ಕಿವುಚಿ ಒಂದು ಚಮಚದಿಂದ ಆರಂಭಿಸಬಹುದು. ವರ್ಷ ತುಂಬುವವರೆಗೆ ಉಪ್ಪು ಬೇಡ. ತೋಟದ ಶುದ್ಧ ಜೇನುತುಪ್ಪವನ್ನೂ ಆ ವಯಸ್ಸಿಗೆ ಟೋಸ್ಟಿಗೆ ಸವರಬಾರದು: ಅದರಲ್ಲಿರಬಹುದಾದ ಬಾಟುಲಿಸಂ ಬೀಜಕಣಗಳು ಹಸುಗೂಸಿನ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತವೆ.

ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನ ಮೊಟ್ಟೆ ತಿನ್ನುವ ಮಗು ಬೆಳಿಗ್ಗೆ ಮನೆಯಲ್ಲೂ ಒಂದು ತಿಂದರೆ ಆರೋಗ್ಯವಂತ ಮಗುವಿಗೆ ತೊಂದರೆಯಿಲ್ಲ. ಡಬ್ಬಿಗೆ ಕಟ್ಟುವುದಾದರೆ ಗಟ್ಟಿ ಬೆಂದದ್ದೇ ಇರಲಿ. ಟೋಸ್ಟ್ ಆರಿದ ಮೇಲೆ ಮುಚ್ಚಿ.

ಹಲ್ಲಿಲ್ಲದ ಹಿರಿಯರಿಗೆ ಟೋಸ್ಟ್ ಚುಚ್ಚುತ್ತದೆ.

ಬ್ರೆಡ್ಡಿನ ಅಂಚು ತೆಗೆದು ಇಡ್ಲಿ ಪಾತ್ರೆಯ ಹಬೆಯಲ್ಲಿ ಒಂದು ನಿಮಿಷ ಇಡಿ. ಮೆತ್ತಗಿನ ಕಡುಬನ್ನು ಕಿವುಚಿ, ಕದಡಿ ಬೇಯಿಸಿದ ಮೊಟ್ಟೆಯ ಜೊತೆ ಕಲಸಿ ಕೊಡುವುದು ಇನ್ನೂ ಹಿತ. ಪಾರ್ಶ್ವವಾಯು ಆಗಿ ನುಂಗಲು ಕಷ್ಟಪಡುವವರಿಗೆ ಒಣ ಟೋಸ್ಟ್ ಕೊಡಲೇಬೇಡಿ, ಪುಡಿ ಶ್ವಾಸನಾಳಕ್ಕೆ ಹೋಗುತ್ತದೆ.

ಯೂರಿಕ್ ಆಸಿಡ್ ಇದೆ, ಮೊಟ್ಟೆ ತಿನ್ನಬಹುದೇ?

ತಿನ್ನಬಹುದು. ಮೈಯಲ್ಲಿ ಯೂರಿಕ್ ಆಸಿಡ್ ಆಗುವ ಪ್ಯೂರಿನ್ ಮೊಟ್ಟೆಯಲ್ಲಿ ಬಹಳ ಕಡಿಮೆ.

ನಾಟಿ ಕೋಳಿ ಮೊಟ್ಟೆಗೆ ಅಳತೆ ಬೇರೆಯೇ?

ಗಾತ್ರ ಚಿಕ್ಕದು, ಬೇಯುವ ಸಮಯ ಅರ್ಧ ನಿಮಿಷ ಕಡಿಮೆ. ಹಳದಿಯ ಗಾಢ ಬಣ್ಣ ಕೋಳಿ ತಿಂದ ಹಸಿರಿನಿಂದ ಬರುತ್ತದೆ, ಅದನ್ನು ನೋಡಿ ಪಥ್ಯದ ಲೆಕ್ಕ ಬದಲಿಸಬೇಡಿ. ಚಿಪ್ಪಿನ ಮೇಲೆ ಹಿಕ್ಕೆ ಅಂಟಿರುವುದು ಹೆಚ್ಚು. ಒಡೆಯುವ ಮುಂಚೆ ತೊಳೆದು ಒರೆಸಿ. ತೊಳೆದು ಇಟ್ಟುಕೊಳ್ಳುವುದು ಬೇಡ, ಚಿಪ್ಪಿನ ರಕ್ಷಣಾ ಲೇಪ ಹೋಗಿ ಬೇಗ ಕೆಡುತ್ತದೆ. ನೀರಿನಲ್ಲಿ ಬಿಟ್ಟಾಗ ತಳದಲ್ಲಿ ಅಡ್ಡ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಹಳತು, ತೇಲಿದರೆ ಎಸೆಯಿರಿ.

ಬೆಳಗಿನ ಮಾತ್ರೆ, ಕಾಫಿ, ಈ ತಿಂಡಿ: ಯಾವುದು ಮೊದಲು?

ಥೈರಾಯ್ಡ್ ಮಾತ್ರೆಯಾದರೆ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕಬ್ಬಿಣದ ಮಾತ್ರೆಯನ್ನು ಈ ತಿಂಡಿಯ ಜೊತೆ ತೆಗೆದುಕೊಳ್ಳಬೇಡಿ. ಕಾಫಿ, ಚಹಾ, ಮೊಟ್ಟೆ ಮೂರೂ ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುತ್ತವೆ. ಒಂದೆರಡು ಗಂಟೆ ಬಿಟ್ಟು ನಿಂಬೆ ಪಾನಕದ ಜೊತೆ ನುಂಗಿದರೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆ ಸೇರಿಸದೆ ಊಟದ ಹೊತ್ತಿಗೆ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಕೆಲವು ಊಟಕ್ಕೆ ಮುಂಚೆ, ಕೆಲವು ಊಟದ ಜೊತೆ; ಚೀಟಿಯಲ್ಲಿ ಬರೆದಿರುವಂತೆಯೇ ತೆಗೆದುಕೊಳ್ಳಿ, ಮತ್ತು ಊಟಕ್ಕೆ ಮುಂಚಿನ ಮಾತ್ರೆ ನುಂಗುವ ಹೊತ್ತಿಗೆ ಕಾವಲಿ ಒಲೆಯ ಮೇಲಿರಲಿ.